ಚಾಪೆ ಮೇಲೆ ಕೂತರೆ ಜೂಜು, ಸೋಫಾ ಮೇಲೆ ಕೂತರೆ ಕೌಶಲ

ನನ್ನ ಬಲಗೆನ್ನೆ ಬೋಳಾಗಿತ್ತು. ಎಡಗೆನ್ನೆ ಮೇಲೆ ಇನ್ನೂ ನೊರೆ. ಅಷ್ಟರಲ್ಲಿ ರೇಜರ್ ನಿಂತಿತು.

"ಒಂದ್ನಿಮ್ಷ ಸಾರ್, ಟಾಸ್ ಆಯ್ತು. ಕ್ಯಾಪ್ಟನ್ ಚೇಂಜ್ ಮಾಡ್ಬೇಕು."

ಇದು 2025ರ ಐಪಿಎಲ್ ಕಾಲದ ಮಾತು. ನಮ್ಮ ಬೀದಿಯ ಕಟಿಂಗ್ ಶಾಪಿನಲ್ಲಿ ಎರಡು ಕುರ್ಚಿ, ಒಂದು ಉದ್ದನೆ ಬೆಂಚು, ಗೋಡೆಯಲ್ಲಿ ಒಂದು ಟಿವಿ. ಅಂಗಡಿಯವನು ಬಲಗೈಯಲ್ಲಿ ರೇಜರ್ ಹಿಡಿದುಕೊಂಡೇ ಎಡಗೈ ಹೆಬ್ಬೆರಳಿನಲ್ಲಿ ಮೊಬೈಲ್ ತೀಡುತ್ತಿದ್ದ. ಮೈದಾನದಲ್ಲಿ ಆಡುವವರಲ್ಲೇ ಹನ್ನೊಂದು ಜನರನ್ನು ಆರಿಸಿ, ದುಡ್ಡು ಕಟ್ಟಿ, ನಮ್ಮದೇ ಟೀಮು ಮಾಡುವ ಆ್ಯಪು. ಕ್ಯಾಪ್ಟನ್ ಹೊಡೆದರೆ ಪಾಯಿಂಟು ಡಬಲ್, ವೈಸ್ ಕ್ಯಾಪ್ಟನ್ ಹೊಡೆದರೆ ಒಂದೂವರೆ ಪಟ್ಟು. ಕಟ್ಟಿದ್ದು 49 ರೂಪಾಯಿ. ಬರಬೇಕಾಗಿದ್ದು ಕೋಟಿ. ನನ್ನ ನೊರೆ ಒಣಗಿ ಚರ್ಮ ಎಳೆಯತೊಡಗಿತು.

"ಇದು ಜೂಜಲ್ವೇನಪ್ಪಾ?" ಎಂದೆ, ತುಟಿ ಮಾತ್ರ ಅಲ್ಲಾಡಿಸಿ.

"ಛೇ ಛೇ. ಜೂಜು ಅಂದ್ರೆ ನಮ್ ದೊಡ್ಡಪ್ಪ ಆಡ್ತಿದ್ದದ್ದು. ಇದು ಸ್ಕಿಲ್ಲು ಸಾರ್."

ಅವನ ದೊಡ್ಡಪ್ಪ ದೀಪಾವಳಿಗೆ ತೆಂಗಿನ ತೋಟದಲ್ಲಿ ಚಾಪೆ ಹಾಸಿ ಅಂದರ್ ಬಾಹರ್ ಆಡುತ್ತಿದ್ದರಂತೆ. ಪೊಲೀಸ್ ಜೀಪು ಬಂದರೆ ಪಂಚೆ ಎತ್ತಿ ಕಟ್ಟಿ ಓಟ. ಪಾಪ, ದೊಡ್ಡಪ್ಪ ಮಾಡಿದ ತಪ್ಪು ಒಂದೇ. ಚಾಪೆ ಮೇಲೆ ಕೂತದ್ದು. ಸೋಫಾ ಮೇಲೆ ಕೂತು, ಕೈಯಲ್ಲಿ ಎಲೆಯ ಬದಲು ಮೊಬೈಲ್ ಹಿಡಿದಿದ್ದರೆ ಅವರೂ ಕೌಶಲವಂತರು ಅನ್ನಿಸಿಕೊಳ್ಳುತ್ತಿದ್ದರು.

ಬೆಂಚಿನ ಮೇಲಿನ ಪೇಪರ್ ತೆಗೆದರೆ ಇದೇ ಪಾಠ. ಒಂದು ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ: ಖಚಿತ ಮಾಹಿತಿ ಮೇರೆಗೆ ದಾಳಿ, ಕ್ರಿಕೆಟ್ ಬೆಟ್ಟಿಂಗ್ ಆಡುತ್ತಿದ್ದ ಇಬ್ಬರ ಬಂಧನ, ಎರಡು ಮೊಬೈಲ್ ಮತ್ತು ಒಂದಿಷ್ಟು ನಗದು ವಶ. ಪುಟ ತಿರುಗಿಸಿದರೆ ಇಡೀ ಪುಟದ ಜಾಹೀರಾತು. ದೇಶದ ದೊಡ್ಡ ಆಟಗಾರ ಬೆರಳು ತೋರಿಸಿ, ಬಾ, ನೀನೂ ಟೀಮ್ ಕಟ್ಟು ಎಂದು ಕರೆಯುತ್ತಿದ್ದಾನೆ. ಆ ಇಬ್ಬರು ಪುಟ ತಿರುಗಿಸಿ ನೋಡಲಿಲ್ಲ, ಅಷ್ಟೇ.

ಈ ಕೌಶಲದ ಕಥೆ ಕುದುರೆಯಿಂದ ಶುರುವಾಗುತ್ತದೆ. 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸು ಕೌಶಲದ ಆಟ, ಜೂಜಲ್ಲ ಎಂದಿತು. ಕುದುರೆಗೆ ಕೌಶಲ ಇದೆ, ಒಪ್ಪಿದೆ. ಜಾಕಿಗೆ ಇದೆ, ಟ್ರೇನರಿಗೂ ಇದೆ. ಬೀಡಿ ಸೇದುತ್ತಾ ರೇಸ್ ಪುಸ್ತಕಕ್ಕೆ ಪೆನ್ನಿನಲ್ಲಿ ಗೀಟು ಹಾಕಿ ದುಡ್ಡು ಕಟ್ಟುವವನಿಗೂ ಇದೆಯಂತೆ. ಸರಿ ಸ್ವಾಮಿ. ಆದರೆ ಈ ಕೌಶಲ ಗೋಡೆ ದಾಟುವುದಿಲ್ಲ. ಬೆಂಗಳೂರಿನ ರೇಸ್‌ಕೋರ್ಸ್ ಗೋಡೆಯ ಒಳಗೆ ಕಟ್ಟಿದ ನೂರು ರೂಪಾಯಿ ಕೌಶಲ. ಅದೇ ನೂರು, ಅದೇ ಕುದುರೆ, ಗೋಡೆಯ ಈಚೆ ಫುಟ್‌ಪಾತಿನಲ್ಲಿ ಕಟ್ಟಿದರೆ ಅಪರಾಧ. ಕುದುರೆಗೇ ಗೊತ್ತಾಗದಷ್ಟು ತೆಳ್ಳಗಿನ ಗೋಡೆ.

ಆಮೇಲೆ ಮೊಬೈಲ್ ಬಂತು. ಗೋಡೆ ಜೇಬಿನೊಳಕ್ಕೆ ಬಂತು. ಟೀಮು ಕಟ್ಟಿಸುವ ಆ್ಯಪು ಡ್ರೀಮ್ ಇಲೆವೆನ್, 2020ರಲ್ಲಿ 222 ಕೋಟಿ ಕೊಟ್ಟು ಪ್ರಾಯೋಜಕನಾಗಿ ಐಪಿಎಲ್ಲಿನ ಹಣೆಪಟ್ಟಿಯಾಯಿತು. 2023ರಲ್ಲಿ ಭಾರತ ತಂಡದ ಅಂಗಿಯ ಎದೆ ಮೇಲೇ ಕೂತಿತು. ಎದೆ ಮೇಲೆ ಬರೆದುಕೊಂಡದ್ದು ಜೂಜು ಹೇಗಾದೀತು? ದೇಶಭಕ್ತಿಯೇ ಇರಬೇಕು.

ಎಚ್ಚರಿಕೆ ಹೇಳಲಿಲ್ಲ ಅನ್ನಬೇಡಿ, ಹೇಳಿದರು. ಜಾಹೀರಾತಿನ ಕೊನೆಯಲ್ಲಿ ಅರ್ಚಕರು ಸಹಸ್ರನಾಮ ಮುಗಿಸುವ ಅವಸರದಲ್ಲಿ ಒಂದು ದನಿ: ಈಆಟದಲ್ಲಿಆರ್ಥಿಕಅಪಾಯವಿದೆಚಟವಾಗಬಹುದುಜವಾಬ್ದಾರಿಯಿಂದಆಡಿ. ಇದನ್ನು ಮಾಮೂಲಿ ವೇಗದಲ್ಲೇ ಓದಬೇಕು ಎಂದು ಜಾಹೀರಾತು ಮಾನದಂಡ ಮಂಡಳಿ 2020ರ ಡಿಸೆಂಬರಿನಲ್ಲೇ ನಿಯಮ ತಂದಿತ್ತು. ಯಾರ ಮಾಮೂಲಿ ಅಂತ ಹೇಳಲಿಲ್ಲ. ಬುಮ್ರಾನ ಮಾಮೂಲಿ ಇರಬೇಕು. ಇನ್ನು 'ಜವಾಬ್ದಾರಿಯಿಂದ ಆಡಿ' ಅನ್ನುವುದು, ಬಾವಿಗೆ ಹಾರುವವನಿಗೆ ಚಪ್ಪಲಿ ಬಿಟ್ಟು ಹಾರಪ್ಪಾ ಅಂದ ಹಾಗೆ.

ಸುಳ್ಳೇಕೆ, ನಾನೂ ಒಂದು ಸಲ ಕಟ್ಟಿದೆ. 49 ರೂಪಾಯಿ. ಎರಡೂ ಟೀಮು ನನಗೆ ಸಂಬಂಧವಿಲ್ಲದವು. ಬೇರೆ ದಿನವಾದರೆ ಟಿವಿ ಆರಿಸಿ ಮಲಗುತ್ತಿದ್ದೆ. ಅವತ್ತು ಹತ್ತೊಂಬತ್ತನೇ ಓವರಿನಲ್ಲಿ, ಹೆಸರೂ ಸರಿಯಾಗಿ ಉಚ್ಚರಿಸಲು ಬಾರದ ಒಬ್ಬ ಬೌಲರನಿಗಾಗಿ ಮನೆದೇವರಿಗೆ ಕೈಮುಗಿದೆ. ವಿಕೆಟ್ ಬಿತ್ತು. 60 ರೂಪಾಯಿ ಬಂತು. ಆ 11 ರೂಪಾಯಿ ಲಾಭವನ್ನು ಎಂಟು ಜನಕ್ಕೆ ಹೇಳಿದ್ದೇನೆ, ನೀವು ಒಂಬತ್ತನೆಯವರು. ಆಮೇಲೆ ಹೋದ ಆರು 49ಗಳನ್ನು ಮನೆಯವಳಿಗೂ ಹೇಳಿಲ್ಲ. ಊರು ತುಂಬ ಗೆದ್ದವರೇ ಕಾಣಿಸುತ್ತಾರಲ್ಲ, ಯಾಕೆ ಅಂತ ಆವಾಗ ಗೊತ್ತಾಯಿತು.

ಸರ್ಕಾರಗಳ ಆಟ ಇದಕ್ಕಿಂತ ರೋಚಕ. ನಮ್ಮ ರಾಜ್ಯ 2021ರ ಅಕ್ಟೋಬರಿನಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟಕ್ಕೆ ಬಾಗಿಲು ಹಾಕಿತು. ಹೈಕೋರ್ಟ್ 2022ರ ಫೆಬ್ರವರಿ 14ರಂದು ಆ ಬಾಗಿಲು ತೆಗೆಯಿತು. ಪ್ರೇಮಿಗಳ ದಿನ ನೋಡಿ, ಅಗಲಿದವರು ಒಂದಾದರು. ಕೇಂದ್ರ ಬಾಗಿಲಲ್ಲಿ ನಿಂತು ಟೋಲ್ ಎತ್ತಲು ಶುರು ಮಾಡಿತು. 2023ರ ಅಕ್ಟೋಬರಿನಿಂದ ಕಟ್ಟಿದ ಪೂರ್ತಿ ದುಡ್ಡಿನ ಮೇಲೆ 28 ಪರ್ಸೆಂಟ್ ಜಿಎಸ್‌ಟಿ. ಗೆದ್ದರೆ ಅದರ ಮೇಲೆ 30 ಪರ್ಸೆಂಟ್ ಆದಾಯ ತೆರಿಗೆ ಬೇರೆ. ಗೆದ್ದಾಗ ಸರ್ಕಾರ ಪಾಲುದಾರ. ವರ್ಷದ ಕೊನೆಗೆ ಸೋತು ಕೂತರೆ ಪಾಲುದಾರನ ಸುಳಿವಿಲ್ಲ.

ಕೊನೆಗೊಂದು ದಿನ ಕೇಂದ್ರಕ್ಕೆ ಕರುಣೆ ಉಕ್ಕಿತು. ದುಡ್ಡಿನ ಆನ್‌ಲೈನ್ ಆಟ ನಿಷೇಧಿಸುವ ಮಸೂದೆಗೆ 2025ರ ಆಗಸ್ಟ್ 20ಕ್ಕೆ ಲೋಕಸಭೆ, 21ಕ್ಕೆ ರಾಜ್ಯಸಭೆ ಒಪ್ಪಿಗೆ, 22ಕ್ಕೆ ರಾಷ್ಟ್ರಪತಿ ಅಂಕಿತ. ಮೂರು ದಿನ. ಟೆಸ್ಟ್ ಮ್ಯಾಚೂ ಈಗೀಗ ಮೂರೇ ದಿನಕ್ಕೆ ಮುಗಿಯುತ್ತದೆ ಬಿಡಿ. ಅಂಥ ಆಟ ನಡೆಸಿದರೆ ಮೂರು ವರ್ಷದವರೆಗೆ ಜೈಲು, ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಟ್ಟರೆ ಎರಡು ವರ್ಷದವರೆಗೆ. ಕೌಶಲವೋ ಅದೃಷ್ಟವೋ, ಕೇಳುವ ಹಾಗೇ ಇಲ್ಲ. ಮೂವತ್ತು ವರ್ಷ ವಕೀಲರು ಬೆಳೆಸಿದ ಕೌಶಲ ಮೂರು ದಿನದಲ್ಲಿ ಮಣ್ಣು. ಕುದುರೆ ಮಾತ್ರ ಬಚಾವ್. ಅದು ನೆಲದ ಮೇಲೆ ಓಡುತ್ತಲ್ಲ.

ಎರಡು ವಾರ ಕಳೆದಿರಲಿಲ್ಲ. ಸೆಪ್ಟೆಂಬರ್ 3ಕ್ಕೆ ಜಿಎಸ್‌ಟಿ ಮಂಡಳಿ ಕೂತು 40 ಪರ್ಸೆಂಟಿನ ಹೊಸ ಪಟ್ಟಿ ಮಾಡಿತು. ಕ್ಯಾಸಿನೊ, ಕುದುರೆ ರೇಸು, ಬೆಟ್ಟಿಂಗು. ಅದೇ ಪಟ್ಟಿಯಲ್ಲಿ, ಕಣ್ಣುಜ್ಜಿಕೊಂಡು ಓದಿ, ದುಡ್ಡಿನ ಆನ್‌ಲೈನ್ ಆಟ. ಸತ್ತವನ ಹೆಸರಿಗೆ ಕಂದಾಯ ಜಾಸ್ತಿ ಮಾಡಿದರು. ಐಪಿಎಲ್ ಟಿಕೆಟ್ಟಿಗೂ ಅದೇ 40. ಅಂದರೆ ಆಟ ನೋಡುವವನೂ ಆಟದ ಮೇಲೆ ಕಟ್ಟುವವನೂ ಸರ್ಕಾರದ ಕಣ್ಣಿಗೆ ಒಂದೇ ಜಾತಿಯ ಪಾಪಿಗಳು. ಈ ಒಂದು ವಿಷಯದಲ್ಲಿ ನಮ್ಮಲ್ಲಿ ಸಮಾನತೆ ಬಂದಿದೆ.

ದೇಶದಲ್ಲಿ 45 ಕೋಟಿ ಜನ ವರ್ಷಕ್ಕೆ 20,000 ಕೋಟಿ ಕಳೆದುಕೊಳ್ಳುತ್ತಾರೆ ಅನ್ನುವುದು ಕಾಯ್ದೆ ತರುವಾಗ ಸರ್ಕಾರದ ಕಡೆಯಿಂದ ಬಂದ ಅಂದಾಜು. ಭಾಗಿಸಿದೆ. ತಲೆಗೆ 444 ರೂಪಾಯಿ. ಅಯ್ಯೋ ಇಷ್ಟೇನಾ ಅನ್ನಿಸಿತು. ನನ್ನ ಲೆಕ್ಕ ಅದಕ್ಕೂ ಕಡಿಮೆ ಇತ್ತು, ಸ್ವಲ್ಪ ಹೆಮ್ಮೆಯೂ ಆಯಿತು. ಹಾಗಾದರೆ ನನ್ನ ಪಾಲಿನ ಉಳಿದದ್ದನ್ನು ಬೇರೆ ಯಾರೋ ಕಳೆದಿರಬೇಕಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಮೊಲಿಪುರಕ್ಕೆ ಹೋಗಿಬರೋಣ. ಕೌಶಲ ಅಂದರೆ ಏನೆಂದು ನೋಡಬೇಕಾದರೆ ಅಲ್ಲಿಗೇ ಹೋಗಬೇಕು. ಗುಜರಾತಿನ ಮೆಹ್ಸಾಣ ಜಿಲ್ಲೆಯ ಹಳ್ಳಿ. 2022ರಲ್ಲಿ ಅಸಲಿ ಐಪಿಎಲ್ ಮುಗಿದು ಮೂರು ವಾರಕ್ಕೆ ಅಲ್ಲೊಂದು ಐಪಿಎಲ್ ಶುರುವಾಯಿತು. ಆಟಗಾರರು ಯಾರು? ಹೊಲದಲ್ಲಿ ಕೂಲಿ ಮಾಡುವವರು, ಕೆಲಸವಿಲ್ಲದ ಹುಡುಗರು. ಒಟ್ಟು 21 ಮಂದಿ, ಮ್ಯಾಚಿಗೆ 400 ರೂಪಾಯಿ. ಇವತ್ತು ಚೆನ್ನೈ ಅಂಗಿ, ನಾಳೆ ಮುಂಬೈ ಅಂಗಿ, ನಾಡಿದ್ದು ಗುಜರಾತ್ ಅಂಗಿ. ಹೊಲದಲ್ಲಿ ಐದು ಕ್ಯಾಮೆರಾ. ಜನರ ಗದ್ದಲವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡರು. ಹರ್ಷ ಭೋಗ್ಲೆಯವರ ದನಿಯಲ್ಲಿ ಕಾಮೆಂಟ್ರಿ ಹೇಳಲು ಮೀರತ್ತಿನಿಂದ ಒಬ್ಬ ಮಿಮಿಕ್ರಿಯವನು. ಅಂಪೈರ್ ಕೈಯಲ್ಲಿ ವಾಕಿಟಾಕಿ. ಟೆಲಿಗ್ರಾಂನಲ್ಲಿ ಬೆಟ್ ಬಿದ್ದ ಕೂಡಲೇ ಅಂಪೈರಿಗೆ ಆಜ್ಞೆ, ಅಂಪೈರ್ ಬೌಲರಿಗೆ ಸನ್ನೆ, ಬೌಲರ್ ಮೆತ್ತಗೆ ಹಾಕುತ್ತಾನೆ, ಬ್ಯಾಟ್ಸ್‌ಮನ್ ಎತ್ತಿ ಬಾರಿಸುತ್ತಾನೆ. ಹೊಲದ ಮೂಲೆಗೆ ಸಿಕ್ಸರ್!

ದುಡ್ಡು ಕಟ್ಟುತ್ತಿದ್ದವರು ರಷ್ಯಾದ ತ್ವೇರ್, ವೊರೊನೆಜ್, ಮಾಸ್ಕೋ ಊರುಗಳಲ್ಲಿ ಕೂತಿದ್ದರು. ಅವರನ್ನು ನೆನೆದರೆ ನನಗೆ ಕರುಳು ಚುರ್ ಅನ್ನುತ್ತದೆ. ಪಾಪ, ಆ ರಷ್ಯನ್ನನೂ ಪಿಚ್ ನೋಡಿರುತ್ತಾನೆ. ಇವನ ಫಾರ್ಮ್ ಚೆನ್ನಾಗಿದೆ, ಅವನು ಸ್ಪಿನ್ನಿಗೆ ತಡಕಾಡುತ್ತಾನೆ ಎಂದು ಅಳೆದು ತೂಗಿ, ಪೂರ್ತಿ ಕೌಶಲ ಬಳಸಿ, 400 ರೂಪಾಯಿಯ ಕೂಲಿ ಹುಡುಗನ ಮೇಲೆ ಕಟ್ಟಿರುತ್ತಾನೆ. ಆ ಇಡೀ ಹೊಲದಲ್ಲಿ ನಿಜವಾಗಿ ಇದ್ದದ್ದು ಅವನ ದುಡ್ಡೊಂದೇ. ಲೀಗು ಕ್ವಾರ್ಟರ್ ಫೈನಲ್ಲಿಗೆ ಬಂದಾಗ ಪೊಲೀಸರು ಬಂದರು. ಕಪ್ ಯಾರದೆಂದು ಕೊನೆಗೂ ಗೊತ್ತಾಗಲಿಲ್ಲ.

ಗುಜರಾತಿನವರನ್ನು ನೋಡಿ ನಗಬೇಡಿ. ನಮ್ಮ ಕೆಪಿಎಲ್ಲಿನಲ್ಲಿ, ಅಂದರೆ ಕರ್ನಾಟಕ ಪ್ರೀಮಿಯರ್ ಲೀಗಿನಲ್ಲಿ, ಆಟಗಾರರು ಅಸಲಿಯೇ ಇದ್ದರು, ಸ್ಟೇಡಿಯಂ ಅಸಲಿ, ಟಿವಿ ಅಸಲಿ. ಆಟವೇ ನಕಲಿ ಎಂಬ ಆರೋಪದ ಮೇಲೆ 2019ರಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸ್ ದಳ ಒಬ್ಬ ತಂಡದ ಮಾಲೀಕನನ್ನೂ ಕೆಲವು ಆಟಗಾರರನ್ನೂ ಬಂಧಿಸಿತು. ಲೀಗು ಅಲ್ಲಿಗೇ ನಿಂತಿತು. ಮೊಲಿಪುರದವರು ನಮಗಿಂತ ಕಡಿಮೆ ಖರ್ಚಿನಲ್ಲಿ ಮುಗಿಸಿದರು, ಅಷ್ಟೇ ವ್ಯತ್ಯಾಸ.

2025ರ ಸೆಪ್ಟೆಂಬರ್ 14, ಭಾನುವಾರ ಸಂಜೆ ಮತ್ತೆ ಕಟಿಂಗ್ ಶಾಪಿಗೆ ಹೋದೆ. ಏಷ್ಯಾ ಕಪ್, ಭಾರತ ಪಾಕಿಸ್ತಾನ. ಟಿವಿಯಲ್ಲಿ ನಮ್ಮವರ ಎದೆ ಖಾಲಿ. ಪ್ರಾಯೋಜಕರ ಹೆಸರು ಹೋಗಿ ಬರೀ ದೇಶದ ಹೆಸರು ಉಳಿದಿತ್ತು. ನೋಡಲು ಹಿತವಾಗಿತ್ತು.

"ಬಿಡು, ಬ್ಯಾನ್ ಆಯ್ತಲ್ಲ, ನಿನಗೂ ದುಡ್ಡು ಉಳೀತು" ಎಂದೆ.

"ಆ ಆ್ಯಪ್ ಹೋಯ್ತು ಸಾರ್. ಈಗ ಬೆಟ್ಟಿಂಗ್ ಸೈಟಿನ ಐಡಿ ತಗೊಂಡಿದೀನಿ. ವಾಟ್ಸಾಪಲ್ಲೇ ಕೊಡ್ತಾರೆ. ತೆರಿಗೆ ಇಲ್ಲ, ಏನಿಲ್ಲ, ಆರಾಮು."

ಟಾಸ್ ಮೇಲೆ ಕಟ್ಟಿದ್ದ. ಭಾರತಕ್ಕೆ ತೊಂಬತ್ತು ಪೈಸೆ. ಸಾವಿರ ಕಟ್ಟಿ ಗೆದ್ದರೆ ಒಂಬೈನೂರು ಲಾಭ.

"ಪಾಕಿಸ್ತಾನಕ್ಕೆ ಎಷ್ಟು?"

"ಅದಕ್ಕೂ ತೊಂಬತ್ತೇ ಸಾರ್. ನ್ಯಾಯವಾಗಿದಾರೆ."

ಕೆನ್ನೆಗೆ ನೊರೆ ಹಚ್ಚಿಸಿಕೊಂಡೇ ಲೆಕ್ಕ ಹೇಳಿದೆ. ನೋಡು, ಹತ್ತು ಟಾಸ್ ಕಟ್ಟಿದೆ ಅಂತಿಟ್ಟುಕೋ. ಐದು ಗೆದ್ದೆ, ನಾಲ್ಕೂವರೆ ಸಾವಿರ ಬಂತು. ಐದು ಸೋತೆ, ಐದು ಸಾವಿರ ಹೋಯ್ತು. ಸರಿಸಮ ಆಡಿಯೂ ಐನೂರು ಖೋತಾ. ಆ ಕಡೆ ಒಬ್ಬ, ಈ ಕಡೆ ಒಬ್ಬ ಕಟ್ಟಿದರೆ ಯಾರೇ ಗೆಲ್ಲಲಿ, ಬುಕ್ಕಿಗೆ ಟಾಸಿಗೆ ನೂರು ರೂಪಾಯಿ ಕೂತಲ್ಲೇ ಸಂಬಳ. ಅವನು ಕ್ರಿಕೆಟ್ಟೇ ನೋಡಬೇಕಾಗಿಲ್ಲ.

ಅವನು ರೇಜರಿಗೆ ಹೊಸ ಬ್ಲೇಡ್ ಸಿಕ್ಕಿಸುತ್ತಾ ಯೋಚಿಸಿದ. ನನಗೆ ಸಮಾಧಾನವಾಯಿತು.

"ಅದಕ್ಕೇ ಸಾರ್, ಐದೇ ಯಾಕೆ ಗೆಲ್ಬೇಕು? ಏಳು ಗೆದ್ರೆ ಆಯ್ತು. ಅಲ್ಲೇ ಸ್ಕಿಲ್ಲಿರೋದು."

ಕಾಸು ಮೇಲೆ ಹೋಯಿತು. ಟಾಸ್ ಪಾಕಿಸ್ತಾನದ್ದಾಯಿತು. ನಾಯಕರು ಕೈ ಕುಲುಕದೆ ಹೋದರು. ದೇಶಕ್ಕೆಲ್ಲ ಅದೇ ಸುದ್ದಿ. ಇವನು ಮಾತ್ರ ಮೊಬೈಲ್ ನೋಡುತ್ತಾ ಏನೋ ಕೂಡಿ ಕಳೆಯುತ್ತಿದ್ದ.

ಆಗಲೇ ಗಮನಿಸಿದ್ದು. ಅಂಗಡಿ ಯಾಕೋ ಅಗಲವಾಗಿತ್ತು. ಕನ್ನಡಿ ಎರಡಿತ್ತು, ಕುರ್ಚಿ ಒಂದೇ. ಎರಡನೇ ಕನ್ನಡಿಯ ಮುಂದೆ ನೆಲದಲ್ಲಿ ನಾಲ್ಕು ತೂತು, ಬೋಲ್ಟ್ ಬಿಚ್ಚಿದ ಗುರುತು.

"ಇನ್ನೊಂದು ಕುರ್ಚಿ ಎಲ್ಲಪ್ಪಾ?"

"ರಿಪೇರಿಗೆ ಹೋಗಿದೆ ಸಾರ್."

"ಯಾವಾಗ ಬರುತ್ತೆ?"

"ಫೈನಲ್ ಆದ್ಮೇಲೆ" ಎಂದ, ನನ್ನ ಗಲ್ಲ ಎತ್ತಿ ಹಿಡಿದು. "ಅಲ್ಲಾಡ್ಬೇಡಿ, ಫಸ್ಟ್ ಬಾಲ್ ಒಳಗೆ ಮುಗಿಸ್ಬೇಕು."