ಬಸಿದ ನೀರು ಎಲ್ಲಿಗೆ ಹೋಯಿತು?

ಅಮೆರಿಕದ ದಕ್ಷಿಣದಲ್ಲಿ ಬೇಯಿಸುವ, ಎಲೆಕೋಸಿನ ಜಾತಿಯ ಕಾಲರ್ಡ್ ಸೊಪ್ಪಿನ ರೆಸಿಪಿಗಳಲ್ಲಿ ಕೆಲವು ಮುಗಿಯುವುದೇ ಹೀಗೆ: 'ನೀರು ಬಸಿದು ಬಡಿಸಿ.' ಬಸಿದದ್ದು ಎಲ್ಲಿಗೆ? ಆ ಬಗ್ಗೆ ಚಕಾರವಿಲ್ಲ. ಸಿಂಕಿಗೇ ಇರಬೇಕು. ಮಂಡ್ಯದ ಯಾವುದಾದರೂ ಅಡುಗೆಮನೆಯಲ್ಲಿ ಹೀಗಂದರೆ ಸೌಟಿನ ಪೆಟ್ಟು ಬಿದ್ದೀತು. ಬಸಿದದ್ದರಿಂದ ತಾನೆ ಬಸ್ಸಾರು!

ಅಮೆರಿಕದ ದಕ್ಷಿಣದ ಅಜ್ಜಿಯರೇನೂ ಚೆಲ್ಲುವವರಲ್ಲ. ಆ ರಸಕ್ಕೆ ಅವರಲ್ಲಿ ಪಾಟ್‌ಲಿಕರ್ ಎಂಬ ಹೆಸರೇ ಇದೆ. ಲಿಕರ್ ಎಂದೊಡನೆ ಲೋಟ ಹುಡುಕಬೇಡಿ, ಅಮಲಿನದಲ್ಲ. ಗುಲಾಮಗಿರಿಯ ಕಾಲದಲ್ಲಿ ಸೊಪ್ಪು ಯಜಮಾನನ ಮೇಜಿಗೆ ಹೋದರೆ, ಸಾರವೆಲ್ಲ ಇಳಿದಿರುವ ಈ ರಸ ಬೇಯಿಸಿದವರ ಪಾಲಿಗೆ ಉಳಿಯುತ್ತಿತ್ತು.

ರಸ ಚೆನ್ನಾಗಬೇಕೆಂದರೆ ಮೊದಲು ಬೇಯಬೇಕಾದ್ದು ಸೊಪ್ಪಲ್ಲ. ಹೊಗೆ ಹಿಡಿಸಿದ ಹಂದಿಗಾಲಿನ ಗೆಣ್ಣು ಒಂದು, ನೀರು ಎರಡು ಲೀಟರ್, ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ, ಒಂದು ಒಣಮೆಣಸಿನಕಾಯಿ. ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ. ಹಂದಿ ಒಲ್ಲದವರಿಗೆ ಹೊಗೆ ಹಿಡಿಸಿದ ಟರ್ಕಿ ಕೋಳಿಯ ರೆಕ್ಕೆ ಇದೆ. ಎಲ್ಲ ಒಟ್ಟಿಗೆ ಸುರಿದು ಕೂಡಿಸಿದರೆ ಸೊಪ್ಪು ಕರಗುವ ಹೊತ್ತಿಗೂ ಗೆಣ್ಣು ಗಟ್ಟಿಯಾಗಿಯೇ ಇರುತ್ತದೆ.

ಅಷ್ಟರಲ್ಲಿ ಒಂದು ಕಿಲೋ ಸೊಪ್ಪು ತೊಳೆಯಬಹುದು. ಮೂರು ನೀರು ಬೇಕೇ ಬೇಕು. ಪಾತ್ರೆ ಬಗ್ಗಿಸಿ ನೀರು ಚೆಲ್ಲಿದರೆ ತಳಕ್ಕೆ ಕೂತ ಮರಳು ಮತ್ತೆ ಸೊಪ್ಪಿನ ಮೇಲೆಯೇ. ಸೊಪ್ಪನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಡಬೇಕು. ನಡುವಿನ ದಪ್ಪ ದಂಟು ಸೀಳಿ ತೆಗೆದು, ಎಲೆಗಳನ್ನು ಬೀಡಿಯಂತೆ ಸುತ್ತಿ ಒಂದಂಗುಲಕ್ಕೆ ಹೆಚ್ಚುವುದು. ರಾಶಿ ಕಂಡು ಹೆದರಬೇಡಿ, ಗೆಣ್ಣು ಬೆಂದ ನೀರಿಗೆ ಹಾಕಿದರೆ ಹತ್ತು ನಿಮಿಷದಲ್ಲಿ ತಳಕ್ಕಿಳಿಯುತ್ತದೆ.

ಮುಂದಿನದಕ್ಕೆ ಮನೆತನದ ರೆಸಿಪಿ ಚೀಟಿ 'ಆಗುವ ತನಕ ಬೇಯಿಸಿ' ಎನ್ನುತ್ತದೆ. ಪುಣ್ಯಕ್ಕೆ ಸೊಪ್ಪು ಎಂದು ಬರೆದಿರುತ್ತಾರೆ! ಎಳೆಯದಕ್ಕೆ ಮುಕ್ಕಾಲು ಗಂಟೆ, ಬಲಿತದ್ದಕ್ಕೆ ಒಂದೂವರೆ. ಗೆಣ್ಣಿನಲ್ಲೇ ಉಪ್ಪಿರುತ್ತದೆ, ನೀರೂ ಇಂಗುತ್ತದೆ, ಹಾಗಾಗಿ ಉಪ್ಪು ಕಡೆಗೆ. ವಿನಿಗರ್ ಅದಕ್ಕೂ ಕಡೆಗೆ. ಹುಳಿ ಮೊದಲೇ ಬಿದ್ದರೆ ಎಲೆ ಬೇಗ ಮೆತ್ತಗಾಗುವುದಿಲ್ಲ. ಹಸಿರು ಉಳಿಯಲೆಂದು ಸೋಡಾ ಹಾಕುವವರೂ ಇದ್ದಾರೆ. ಹಸಿರೇನೋ ಉಳಿಯುತ್ತದೆ, ಸೊಪ್ಪು ಅಂಟಾಗುತ್ತದೆ.

ಇನ್ನು ಆ ರಸಕ್ಕೆ ಮೆಕ್ಕೆಜೋಳದ ಬ್ರೆಡ್ಡನ್ನು ಅದ್ದುವುದೋ, ಪುಡಿ ಮಾಡಿ ಕಲಸುವುದೋ? 1931ರಲ್ಲಿ ಇದೇ ಜಗಳ ವಾರಗಟ್ಟಲೆ ನಡೆಯಿತು. ಅದ್ದುವ ಪಕ್ಷಕ್ಕೆ ಲೂಯಿಸಿಯಾನದ ಗವರ್ನರ್ ಹ್ಯೂಯಿ ಲಾಂಗ್, ಪುಡಿ ಪಕ್ಷಕ್ಕೆ ಅಟ್ಲಾಂಟಾ ಕಾನ್‌ಸ್ಟಿಟ್ಯೂಷನ್ ಪತ್ರಿಕೆಯ ಜೂಲಿಯನ್ ಹ್ಯಾರಿಸ್. ಓದುಗರ ಪತ್ರಗಳು ರಾಶಿ ಬಿದ್ದವು. ಆಗ ನ್ಯೂಯಾರ್ಕಿನ ಗವರ್ನರ್ ಆಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್, ಇದನ್ನು ಡೆಮಾಕ್ರಟಿಕ್ ಪಕ್ಷದ ಮುಂದಿನ ಮಹಾಧಿವೇಶನದ ಪ್ರಣಾಳಿಕೆ ಸಮಿತಿಗೆ ಒಪ್ಪಿಸಿಬಿಡಿ ಎಂದರು; ತಾವು ಪುಡಿ ಮಾಡುವವರು ಎಂದೂ ಒಪ್ಪಿಕೊಂಡರು. ದೇಶ ಆರ್ಥಿಕ ಕುಸಿತದಲ್ಲಿ ಮುಳುಗಿತ್ತು, ನಾಯಕರು ಬಟ್ಟಲಿನಲ್ಲಿ. ಲಾಂಗ್ ಮಹಾಶಯರಿಗೆ ಅಷ್ಟಕ್ಕೇ ತೃಪ್ತಿಯಾಗಲಿಲ್ಲ. 1935ರಲ್ಲಿ ಸೆನೆಟ್ಟಿನಲ್ಲಿ ಮಸೂದೆಯೊಂದನ್ನು ತಡೆಯಲು ಹದಿನೈದು ಗಂಟೆ ಮಾತಾಡಿ, ನಡುವೆ ಪಾಟ್‌ಲಿಕರ್ ಮಾಡುವ ವಿಧಾನವನ್ನೂ ಕಡತಕ್ಕೆ ಸೇರಿಸಿದರು. 1982ರಲ್ಲಿ ಜಾರ್ಜಿಯಾದ ಲೆಫ್ಟಿನೆಂಟ್ ಗವರ್ನರ್ ಜೆಲ್ ಮಿಲ್ಲರ್, ಆ ಪದದ ಕಾಗುಣಿತ ತಪ್ಪಾಗಿದೆಯೆಂದು ನ್ಯೂಯಾರ್ಕ್ ಟೈಮ್ಸ್‌ಗೆ ಸಿಡುಕಿನ ಪತ್ರ ಬರೆದರು. ಮುದ್ದೆಯನ್ನು ನುಂಗಬೇಕೋ ಜಗಿಯಬೇಕೋ ಎಂದು ನಮ್ಮ ವಿಧಾನಸಭೆಯಲ್ಲಿ ಗೊತ್ತುವಳಿ ಬಂದ ದಿನ ಅವರನ್ನು ನಕ್ಕರಾಯಿತು.

ಕಾಲರ್ಡ್ ಇಲ್ಲಿ ಎಲ್ಲಿ ಸಿಗಬೇಕು ಎನ್ನುವವರಿಗೆ: ಎಲೆಕೋಸು, ಹೂಕೋಸು, ನವಿಲುಕೋಸು ಎಲ್ಲವೂ ಅದರದೇ ಜಾತಿ. ಕಾಶ್ಮೀರದವರ ಹಾಖ್ ಅದರ ಖಾಸಾ ನೆಂಟ. ನಮಗೆ ನವಿಲುಕೋಸಿನ ಎಲೆ ಸಾಕು. ತರಕಾರಿ ಅಂಗಡಿಯವರು ಗೆಡ್ಡೆ ತೂಗುವ ಮೊದಲೇ ಅದನ್ನು ತಿರುಚಿ ಬುಟ್ಟಿಗೆ ಎಸೆಯುತ್ತಾರೆ. ಅವರ ಕೈ ಎಲೆಗೆ ಹೋಗುವ ಮುಂಚೆ 'ಎಲೆ ಇರ್ಲಿ' ಅನ್ನಬೇಕು, ಜೋರಾಗಿ.