ಹತ್ತಿರದ್ದು ನಿಚ್ಚಳ, ದೂರದ್ದು ದೇವರಿಗೇ ಗೊತ್ತು

ಸ್ಟೆರಾಯ್ಡ್ ಮಾತ್ರೆ ಶುರುವಾದ ಸ್ವಲ್ಪ ದಿನಕ್ಕೆ ನನ್ನ ಕಣ್ಣಿಗೆ ಯೌವನ ಬಂತು. ಚಾಳೀಸು ಹಾಕದೇ ಮೊಬೈಲ್ ನೋಡಿದರೆ ಅಕ್ಷರವೆಲ್ಲ ನಿಚ್ಚಳ! ಖುಷಿ ತಡೆಯಲಾರದೆ, ಮಾತ್ರೆ ಡಬ್ಬಿಯಲ್ಲಿ ಮಡಚಿಟ್ಟಿರುತ್ತಾರಲ್ಲ, ತೀರಾ ಸಣ್ಣಕ್ಷರದ ಚೀಟಿ, ಅದನ್ನೂ ಬಿಚ್ಚಿ ಓದಿದೆ. ‘ದೃಷ್ಟಿ ಮಸುಕಾಗಬಹುದು’ ಅಂತಿತ್ತು.

ತಲೆ ಎತ್ತಿ ನೋಡಿದೆ. ಎದುರಿನ ಗೋಡೆ ಗಡಿಯಾರಕ್ಕೆ ಮುಳ್ಳೇ ಇರಲಿಲ್ಲ.

ಕಣ್ಣಿನ ಡಾಕ್ಟರ್ ಮೊದಲು ಕಣ್ಣಿನ ಒತ್ತಡ ನೋಡಿದರು. ಒಂದು ಯಂತ್ರದ ಮುಂದೆ ಗದ್ದ ಇಡಿಸಿ, ‘ಮಿಟುಕಿಸಬೇಡಿ’ ಅಂದು, ಕಣ್ಣಿಗೇ ಫುಸ್ ಅಂತ ಗಾಳಿ ಬಿಡುತ್ತಾರೆ. ಮಿಟುಕಿಸದೇ ಇರೋಕಾಗುತ್ತಾ? ಒತ್ತಡ ಸರಿಯಿತ್ತು. ಸ್ಟೆರಾಯ್ಡಿನಿಂದ ರಕ್ತದಲ್ಲಿ ಸಕ್ಕರೆ ಏರಿ, ಕಣ್ಣಿನ ಲೆನ್ಸ್ ಉಬ್ಬಿ, ನಂಬರ್ ಬದಲಾಗಿತ್ತು. ಹೊಸ ಕನ್ನಡಕ ಕೇಳಿದರೆ, ‘ಈಗ ಬೇಡ. ಸಕ್ಕರೆ ಒಂದು ಹದಕ್ಕೆ ಬರಲಿ, ನಂಬರ್ ಮತ್ತೆ ಬದಲಾಗುತ್ತೆ’ ಅಂದರು. ಮಾತ್ರೆ ನಿಲ್ಲಿಸಿಬಿಡಲಾ ಅಂದಿದ್ದಕ್ಕೆ ಗಾಬರಿಯಾದರು. ನಾವು ಹೊರಗಿನಿಂದ ಸ್ಟೆರಾಯ್ಡ್ ನುಂಗುತ್ತಿದ್ದರೆ, ಒಳಗೆ ಅದನ್ನು ತಯಾರಿಸುವ ಅಡ್ರಿನಲ್ ಗ್ರಂಥಿ ಸರ್ಕಾರಿ ನೌಕರನ ಹಾಗೆ ದೀರ್ಘ ರಜೆ ಹಾಕಿಬಿಡುತ್ತದಂತೆ. ದಿಢೀರಂತ ನಿಲ್ಲಿಸಿದರೆ ಜೀವಕ್ಕೇ ಅಪಾಯ, ಡೋಸ್ ಮೆಲ್ಲಗೆ ಇಳಿಸಬೇಕು.

ಹೊರಡುವಾಗ ಇನ್ನೊಂದು ಹುಳ ಬಿಟ್ಟರು. ಕೆಲವರಿಗೆ ಕಣ್ಣೊಳಗಿನ ಹಿಂಬದಿಯ ಪರದೆ, ಅಂದರೆ ರೆಟಿನಾದ ಅಡಿ ನೀರು ಸೇರಿ, ನೆಟ್ಟಗಿನ ಗೆರೆ ಸೊಟ್ಟ ಕಾಣುತ್ತದೆ, ಹಾಗಾದರೆ ತಕ್ಷಣ ಬನ್ನಿ ಅಂತ. ಅವತ್ತಿನಿಂದ ಕಂಡಕಂಡ ಬಾಗಿಲಿನ ಮುಂದೆ ನಿಂತು, ಒಂದೊಂದೇ ಕಣ್ಣು ಮುಚ್ಚಿ ಚೌಕಟ್ಟು ಪರೀಕ್ಷೆ ಮಾಡುವುದೇ ಕೆಲಸ. ಆಫೀಸಿನಲ್ಲಿ ಒಮ್ಮೆ ಆ ಬಾಗಿಲಿನಿಂದಲೇ ಮ್ಯಾನೇಜರ್ ಮೇಡಂ ಬಂದರು. ನಾನು ಕಣ್ಣು ಹೊಡೆದದ್ದು ಚೌಕಟ್ಟಿಗೆ ಅಂತ ನಂಬಿಸೋಕೆ ಡಾಕ್ಟರ ಚೀಟಿ ತೋರಿಸಬೇಕಾಯಿತು.

ರಸ್ತೆಯಲ್ಲಿ ಮಾತ್ರ ನ್ಯಾಯ ಸಮವಾಗಿತ್ತು. ನನಗೆ ಯಾರ ಗುರುತೂ ಸಿಗುತ್ತಿರಲಿಲ್ಲ, ಸ್ಟೆರಾಯ್ಡಿಗೆ ನನ್ನ ಮುಖ ಊದಿ ದುಂಡಗಾಗಿದ್ದರಿಂದ ಅವರಿಗೂ ನನ್ನ ಗುರುತು ಸಿಗುತ್ತಿರಲಿಲ್ಲ. ಡೋಸ್ ಇಳಿದ ಮೇಲೆ ಮೊದಲು ಸರಿಹೋದದ್ದು ಕಣ್ಣು, ಮುಖಕ್ಕೆ ಅಷ್ಟು ಅವಸರವಿಲ್ಲ. ನನ್ನ ಹತ್ರ ಸಾಲ ತಗೊಂಡಿದ್ದ ಗೆಳೆಯ ಮೊನ್ನೆ ದೂರದಿಂದಲೇ ಸ್ಪಷ್ಟವಾಗಿ ಕಂಡ. ತಪ್ಪಿಸಿಕೊಂಡು ಓಡಲೇ ಇಲ್ಲ, ಪಾಪ, ಹತ್ತಿರ ಬಂದು ನನ್ನನ್ನೇ ಟೈಮ್ ಎಷ್ಟು ಅಂತ ಕೇಳಿದ.