ಚಿಲ್ಲರ್‌ಗೆ ವಯಸ್ಸಾಯಿತು ಅನ್ನುವ ಮೊದಲು ಲಾಗ್ ಬುಕ್ ತೆಗೆಯಿರಿ

ಆಫೀಸು, ಹೋಟೆಲು, ಆಸ್ಪತ್ರೆ ಎಲ್ಲೇ ಹೋಗಿ, ಬಜೆಟ್ ಮೀಟಿಂಗ್‌ನಲ್ಲಿ ಏಸಿ ಪ್ಲಾಂಟಿನ, ಅದರಲ್ಲೂ ಇಡೀ ಕಟ್ಟಡದ ಏಸಿಗೆ ನೀರು ತಣ್ಣಗೆ ಮಾಡಿ ಕೊಡುವ ಚಿಲ್ಲರಿನ ವಿಷಯ ಬಂದರೆ ಎರಡೇ ಮಾತು. ಒಂದು, "ಹದಿನೈದು ವರ್ಷ ಆಯ್ತಲ್ಲ, ತೆಗೆದು ಹೊಸದು ಹಾಕಿಬಿಡೋಣ." ಇನ್ನೊಂದು, "ತಂಪು ಬರ್ತಿದೆ ಅಲ್ವಾ, ಸುಮ್ನೆ ಯಾಕೆ ದುಡ್ಡು ಸುರಿಯೋದು?" ನನಗೆ ಎರಡೂ ಒಪ್ಪಿಗೆ ಇಲ್ಲ. ಎರಡೂ ಕಡೆಯವರು ಮೆಷಿನ್ ಹತ್ತಿರ ಹೋಗಿ ನೋಡಿರುವುದಿಲ್ಲ.

ಈ ಹದಿನೈದು ವರ್ಷದ ಲೆಕ್ಕ ಎಲ್ಲಿಂದ ಬಂತು? ಹೆಚ್ಚಾಗಿ ಅಮೆರಿಕದ ಆಶ್ರೇ (ASHRAE) ಅನ್ನುವ ಏಸಿ ಎಂಜಿನಿಯರುಗಳ ಸಂಸ್ಥೆಯ ಪಟ್ಟಿಯಿಂದ. ಎಲ್ಲ ಒಂದೇ ಪೆಟ್ಟಿಗೆಯಲ್ಲಿರುವ ಪ್ಯಾಕೇಜ್ ಯೂನಿಟ್‌ಗೆ 15 ವರ್ಷ, ಪಿಸ್ಟನ್ ಇರುವ ರೆಸಿಪ್ರೊಕೇಟಿಂಗ್ ಚಿಲ್ಲರ್‌ಗೆ 20, ಚಕ್ರ ತಿರುಗಿಸಿ ಗ್ಯಾಸ್ ಒತ್ತುವ ಸೆಂಟ್ರಿಫ್ಯೂಗಲ್ ಚಿಲ್ಲರ್‌ಗೆ 23, ತಗಡಿನ ಕೂಲಿಂಗ್ ಟವರ್‌ಗೆ 20. ಇವು 1970ರ ದಶಕದಲ್ಲಿ ಅಲ್ಲಿ ಮಾಡಿದ ಸಮೀಕ್ಷೆಯ ಮಧ್ಯದ ಅಂಕಿಗಳು. ಅಂದರೆ ಅರ್ಧ ಮೆಷಿನ್‌ಗಳು ಅದಕ್ಕಿಂತ ಮೊದಲೇ ಹೋಗಿದ್ದವು, ಇನ್ನರ್ಧ ಆಮೇಲೂ ಓಡಿದವು. ಅದನ್ನು ತಂದು ಬೆಂಗಳೂರಿನ ಟ್ಯಾಂಕರ್ ನೀರು ಕುಡಿಯುವ ಚಿಲ್ಲರ್‌ಗೆ ಕೊನೆ ತಾರೀಕು ಅಂತ ಅಂಟಿಸಿದರೆ ಹೇಗೆ?

ಮೊದಲು ನೋಡಬೇಕಾದ್ದು ಓಡಿದ ಗಂಟೆ. ಬ್ಯಾಂಕ್ ಬ್ರಾಂಚಿನ ಏಸಿ ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ ಮುನ್ನೂರು ದಿನ ಓಡಿದರೂ 2,400 ಗಂಟೆ. ಕಾಲ್ ಸೆಂಟರಿನ ಮೆಷಿನ್ ನಿಲ್ಲದೆ ಓಡಿದರೆ ವರ್ಷಕ್ಕೆ 8,760. ಒಂದೇ ದಿನ ಕೊಂಡ ಎರಡು ಮೆಷಿನ್, ಹತ್ತು ವರ್ಷಕ್ಕೆ ಒಂದು ಇನ್ನೊಂದಕ್ಕಿಂತ ಮೂರೂವರೆ ಪಟ್ಟು ಜಾಸ್ತಿ ದುಡಿದಿರುತ್ತದೆ. ನೇಮ್ ಪ್ಲೇಟ್‌ನಲ್ಲಿ ಮಾತ್ರ ಎರಡಕ್ಕೂ ಒಂದೇ ಇಸವಿ.

ಆಮೇಲೆ ನೀರು. ನನ್ನ ಪ್ರಕಾರ ನಮ್ಮ ಊರುಗಳಲ್ಲಿ ಚಿಲ್ಲರ್‌ಗಳನ್ನು ಅಕಾಲದಲ್ಲಿ ಕೊಲ್ಲುವುದು ನೀರೇ. ಬೋರ್‌ವೆಲ್ ನೀರು ಗಡಸು, ಟ್ಯಾಂಕರ್ ನೀರಂತೂ ಇವತ್ತು ಒಂದು ಬೋರಿನದು, ನಾಳೆ ಇನ್ನೊಂದರದು. ನೀರಿನ ಗಡಸು ತೆಗೆಯುವ ಸಾಫ್ಟ್‌ನರ್‌ಗೆ ಹೊತ್ತಿಗೆ ಸರಿಯಾಗಿ ಉಪ್ಪು ಹಾಕಿಲ್ಲ ಅಂದರೆ ಮುಗಿಯಿತು, ಗ್ಯಾಸಿನ ಬಿಸಿಯನ್ನು ನೀರಿಗೆ ಬಿಡುವ ಕಂಡೆನ್ಸರಿನ ಟ್ಯೂಬಿನ ಒಳಗೆಲ್ಲ ಸುಣ್ಣ ಕಟ್ಟುತ್ತದೆ. ಎಂಡ್ ಕವರ್ ಬಿಚ್ಚಿ ಟಾರ್ಚ್ ಹಾಕಿದರೆ ತಾಮ್ರದ ಬಣ್ಣವೇ ಕಾಣಿಸುವುದಿಲ್ಲ, ಬರೀ ಬೂದು ಬಿಳಿ ಪದರ, ಸ್ಕ್ರೂಡ್ರೈವರ್ ತುದಿಯಲ್ಲಿ ಕೆರೆದರೆ ಚಕ್ಕೆ ಚಕ್ಕೆಯಾಗಿ ಬೀಳುತ್ತದೆ. ಆಪರೇಟರ್ ದಿನಾ ರೀಡಿಂಗ್ ಬರೆಯುವ ಲಾಗ್ ಬುಕ್‌ನಲ್ಲಿ ಇದು ಮೊದಲೇ ಗೊತ್ತಾಗುತ್ತದೆ. ಕಂಡೆನ್ಸರ್ ಒಳಗಿನ ಗ್ಯಾಸಿನ ಉಷ್ಣತೆಗೂ ಹೊರಗೆ ಬರುವ ನೀರಿನ ಉಷ್ಣತೆಗೂ ಇರುವ ವ್ಯತ್ಯಾಸಕ್ಕೆ ಅಪ್ರೋಚ್ ಅನ್ನುತ್ತಾರೆ. ಹೊಸದರಲ್ಲಿ ಅದು ಒಂದೆರಡು ಡಿಗ್ರಿ. ಐದಾರಕ್ಕೆ ಏರಿತು ಅಂದರೆ ಟ್ಯೂಬು ಕಟ್ಟಿಕೊಂಡಿದೆ ಅಂತಲೇ ಮೊದಲು ಅನುಮಾನಿಸಿ. ಹಾಗೆ ಏರುವ ಒಂದೊಂದು ಡಿಗ್ರಿಗೂ ಕಂಪ್ರೆಸರ್ ಸುಮಾರು 2ರಿಂದ 3 ಪರ್ಸೆಂಟ್ ಜಾಸ್ತಿ ಕರೆಂಟ್ ತಿನ್ನುತ್ತದೆ. ಇದು ವಯಸ್ಸಲ್ಲ, ಕೊಳೆ. ಆ ಸುಣ್ಣ ತೆಗೆಯುವ ಡಿಸ್ಕೇಲಿಂಗ್ ಮಾಡಿಸಿ, ಬ್ರಷ್ ಹೊಡೆಸಿ, ಮತ್ತೆ ರೀಡಿಂಗ್ ತೆಗೆಯಿರಿ. ಇಳಿಯಿತೋ, ಮೆಷಿನ್‌ಗೆ ಇನ್ನೂ ಆಯಸ್ಸಿದೆ. ಇಳಿಯದಿದ್ದರೆ ಎಡ್ಡಿ ಕರೆಂಟ್ ಟೆಸ್ಟ್ ಮಾಡಿಸಿ, ಟ್ಯೂಬಿನ ಗೋಡೆ ಎಷ್ಟು ಸವೆದಿದೆ ಅಂತ ಗೊತ್ತಾಗುತ್ತದೆ. ಆಯಿಲ್ ಸ್ಯಾಂಪಲ್ ಲ್ಯಾಬಿಗೆ ಕಳಿಸಿ, ಮೋಟರ್ ವೈಂಡಿಂಗಿನ ಇನ್ಸುಲೇಶನ್ ಗಟ್ಟಿ ಇದೆಯಾ ಅಂತ ಮೆಗ್ಗರ್ ಹಾಕಿಸಿ ನೋಡಿ. ಹೊಸ ಚಿಲ್ಲರಿನ ಬೆಲೆ ಎದುರು ಇವೆಲ್ಲ ಸಣ್ಣ ಖರ್ಚು.

ಮಂಗಳೂರು, ಉಡುಪಿ, ಕಾರವಾರದ ಕಡೆ ಲೆಕ್ಕ ಬೇರೆ. ಅಲ್ಲಿ ಶತ್ರು ಸಮುದ್ರದ ಉಪ್ಪು ಗಾಳಿ. ಸಮುದ್ರದ ಕಡೆ ಮುಖ ಮಾಡಿ ಟೆರೇಸ್ ಮೇಲೆ ಕೂತ ಔಟ್‌ಡೋರ್ ಯೂನಿಟ್ಟಿನ ಕಾಯಿಲ್ ಮೇಲಿರುವ ತೆಳು ಅಲ್ಯೂಮಿನಿಯಂ ಫಿನ್ ಕೆಲವೇ ವರ್ಷಕ್ಕೆ ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಕಂಪ್ರೆಸರ್ ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ಅಂಥ ಕಡೆ ಇಡೀ ಯೂನಿಟ್ ಎಸೆಯಬೇಡಿ, ಕಾಯಿಲ್ ಒಂದನ್ನೇ ಬದಲಾಯಿಸಲು ಬರುತ್ತದಾ ಅಂತ ಕೇಳಿ, ಬಂದರೆ ಕೋಟಿಂಗ್ ಇರುವ ಕಾಯಿಲ್ಲೇ ಹಾಕಿಸಿ.

ಹಾಗಂತ ಓಡುವ ತನಕ ಓಡಿಸಿ ಅಂತಲೂ ನಾನು ಹೇಳುವುದಿಲ್ಲ. ತಂಪು ಬರುವುದು ಬೇರೆ, ಆ ತಂಪಿಗೆ ಎಷ್ಟು ಕರೆಂಟ್ ಸುಡುತ್ತಿದೆ ಅನ್ನುವುದು ಬೇರೆ. 200 ಟನ್ನಿನ (ಇದು ತೂಕ ಅಲ್ಲ, ತಂಪು ಮಾಡುವ ಶಕ್ತಿಯ ಅಳತೆ) ಹಳೆ ಚಿಲ್ಲರ್ ಟನ್ನಿಗೆ 0.85 ಕಿಲೋವ್ಯಾಟ್ ತಿನ್ನುತ್ತಿದೆ, ಹೊಸದು 0.6ಕ್ಕೆ ಮುಗಿಸುತ್ತದೆ ಅನ್ನೋಣ. ಫುಲ್ ಲೋಡ್‌ನಲ್ಲಿ 50 ಕಿಲೋವ್ಯಾಟ್ ವ್ಯತ್ಯಾಸ. ಅದೇ ಲೋಡ್‌ನಲ್ಲಿ ವರ್ಷಕ್ಕೆ 3,000 ಗಂಟೆ ಓಡಿದರೆ 1,50,000 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೂ 12 ಲಕ್ಷ. ಕ್ಲೀನ್ ಮಾಡಿ, ರಿಪೇರಿ ಮಾಡಿ ಆದ ಮೇಲೂ ಈ ಅಂತರ ಹಾಗೇ ಇದ್ದರೆ ಧೈರ್ಯವಾಗಿ ಬದಲಾಯಿಸಿ. ಗ್ಯಾಸಿನ ಲೆಕ್ಕವೂ ಇದೆ. 2025ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆರ್-22 ಅನ್ನುವ ಹಳೆ ಏಸಿ ಗ್ಯಾಸ್ ಹಾಕಿ ಹೊಸ ಮೆಷಿನ್ ತಯಾರಿಸುವಂತಿಲ್ಲ. 2030ರ ಹೊತ್ತಿಗೆ ಆ ಗ್ಯಾಸಿನ ಬಳಕೆ ಬಹುತೇಕ ನಿಲ್ಲಬೇಕು, ಆಮೇಲೆ ಸರ್ವೀಸ್‌ಗೆ ಅಂತ ಒಂಚೂರು ಮಾತ್ರ. ಹಾಗಿರುವಾಗ ವರ್ಷಾ ವರ್ಷ ಲೀಕ್ ಆಗುವ ಆರ್-22 ಮೆಷಿನ್‌ಗೆ ಗ್ಯಾಸ್ ತುಂಬಿಸುತ್ತಾ ಕೂರುವುದರಲ್ಲಿ ಅರ್ಥ ಇಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಹೋಟೆಲಿನ ಲಾಂಡ್ರಿಗೆ ಸ್ಟೀಮ್ ಕೊಡುವ ಬಾಯ್ಲರ್‌ಗೆ ವರ್ಷಕ್ಕೊಮ್ಮೆ ತಪಾಸಣೆ ಆಗಿ ಸರ್ಟಿಫಿಕೇಟ್ ಸಿಗಬೇಕು, 1923ರ ಕಾಯ್ದೆಯ ಕಾಲದಿಂದ ಬಂದ ಪದ್ಧತಿ ಇದು. ಪಕ್ಕದ ರೂಮಿನ ಚಿಲ್ಲರ್‌ಗೆ ಹಾಗೆ ಕೇಳುವವರಿಲ್ಲ. ಅದನ್ನು ಬಲ್ಲವನು ಒಬ್ಬನೇ, ನೈಟ್ ಶಿಫ್ಟ್‌ನ ಆಪರೇಟರ್. ಐಟಿಐ ಓದಿ ಕಾಂಟ್ರಾಕ್ಟ್ ಮೇಲೆ ಬಂದ ಹುಡುಗ. ಬೇರಿಂಗ್ ಸದ್ದು ಯಾವತ್ತು ಬದಲಾಯಿತು, ಯಾವ ಪಂಪ್ ಬಿಸಿಯಾಗುತ್ತದೆ, ಎಲ್ಲ ಅವನಿಗೆ ಗೊತ್ತು. ಲಕ್ಷಗಟ್ಟಲೆ ದುಡ್ಡಿನ ತೀರ್ಮಾನ ಆಗುವ ಮೀಟಿಂಗ್‌ಗೆ ಅವನನ್ನು ಯಾರೂ ಕರೆಯುವುದಿಲ್ಲ. ಅವನ ಲಾಗ್ ಬುಕ್ಕನ್ನು ತಿಂಗಳಿಗೊಮ್ಮೆಯೂ ಯಾರೂ ತೆರೆಯದಿದ್ದರೆ ಅವನಾದರೂ ಯಾಕೆ ಸರಿಯಾಗಿ ಬರೆಯಬೇಕು? ನಿನ್ನೆಯ ರೀಡಿಂಗನ್ನೇ ಇವತ್ತೂ ಇಳಿಸುತ್ತಾನೆ. ದಯವಿಟ್ಟು ಅವನನ್ನು ಕರೆದು ಕೂರಿಸಿ, ಕೇಳಿ.

ಬದಲಾಯಿಸಲೇಬೇಕು ಅಂತ ತೀರ್ಮಾನವಾದರೆ ಹಳೆ ಮೆಷಿನ್‌ನ ಗ್ಯಾಸ್ ಏನಾಗುತ್ತದೆ ಅಂತಲೂ ಮೊದಲೇ ಮಾತಾಡಿಕೊಳ್ಳಿ. ಗುಜರಿಯವರು ಪೈಪ್ ಕತ್ತರಿಸಿದರೆ ಇರುವಷ್ಟೂ ಗಾಳಿಗೆ ಹೋಗುತ್ತದೆ. ಒಂದು ಕಿಲೋ ಆರ್-22 ಗಾಳಿಗೆ ಸೇರಿದರೆ ಸುಮಾರು 1,800 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ, ದೊಡ್ಡ ಚಿಲ್ಲರ್ ಒಳಗೆ ನೂರಾರು ಕಿಲೋ ಇರುತ್ತದೆ. ರಿಕವರಿ ಮೆಷಿನ್ ತಂದು ಸಿಲಿಂಡರ್‌ಗೆ ಎಳೆದುಕೊಳ್ಳಬೇಕು ಅಂತ ಕ್ವೊಟೇಶನ್‌ನಲ್ಲೇ ಬರೆಸಿ, ಎಷ್ಟು ಕಿಲೋ ಸಿಕ್ಕಿತು ಅಂತ ತೂಕದ ಚೀಟಿ ಕೊಟ್ಟ ಮೇಲೆಯೇ ಬಿಲ್ ಪಾಸ್ ಮಾಡಿ.